ಬರೆದದ್ದಷ್ಟೇ ನಿಯಮವೇ?



ಈ ಸಲ ನಾನು ಬರೆಯಹೊರಟಿರುವುದು ಹುಡುಗರ ಒಂದು ಆಟದ ಜಗಳದ ಬಗ್ಗೆ. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮಾಸ್ತರನಿಗೆ ಇದರಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ವಿಜಯಪುರದಲ್ಲಿ ವಕೀಲಿ ಮಾಡುವ ನನ್ನ ಸೋದರಳಿಯನೂ ಅದನ್ನೇ ಕೇಳಿದ. ಅವನಿಗೆ ಫೋನಿನಲ್ಲಿ ಕೊಟ್ಟ ಉತ್ತರ ನನಗೇ ಸಾಲದೆನಿಸಿತು. ಆದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಕಳೆದ ದೀಪಾವಳಿಗೆ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಮೊಮ್ಮಗ ಮೂವರು ಗೆಳೆಯರನ್ನು ಕಟ್ಟಿಕೊಂಡು ಹೂವಿನ ಹಿಪ್ಪರಗಿಗೆ ಬಂದಿದ್ದ. ಹೊಲದಲ್ಲಿ ಹಿಂಗಾರಿ ಜೋಳ ಮೊಣಕಾಲೆತ್ತರ ಬೆಳೆದು ನಿಂತಿತ್ತು. ಹುಡುಗರು ಹೊಲ ನೋಡಿ ಬಂದು, ಊಟ ಮುಗಿಸಿ, ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಆಟಕ್ಕೆ ಕುಳಿತರು. ನಮ್ಮ ಕಾಲದ ಚೌಕಾಬಾರವಾಗಲಿ, ಹುಲಿ-ಕುರಿಯ ಆಟವಾಗಲಿ ಅದಲ್ಲ. ಅದರ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿ 1974ರಲ್ಲಿ ಹೊರತಂದ ಆಟವಿದು. ಒಬ್ಬೊಬ್ಬನೂ ಒಂದೊಂದು ಪಾತ್ರ ವಹಿಸುತ್ತಾನೆ. ಒಬ್ಬ ಯೋಧ, ಒಬ್ಬ ಕಳ್ಳ, ಒಬ್ಬ ಮಂತ್ರ ಬಲ್ಲ ಪುರೋಹಿತ. ಇನ್ನೊಬ್ಬ ಕಥೆ ಹೇಳುತ್ತ, ವೈರಿಗಳ ಪರವಾಗಿ ಆಡುತ್ತ, ಸಂಶಯ ಬಂದಲ್ಲಿ ತೀರ್ಪನ್ನೂ ಕೊಡುತ್ತಾನೆ. ಅವನಿಗೆ ಡಂಜನ್ ಮಾಸ್ಟರ್ ಎಂದು ಹೆಸರು. ಇಪ್ಪತ್ತು ಮುಖದ ದಾಳ ಉರುಳಿಸಿ ಫಲ ಕಾಣುತ್ತಾರೆ. ಮಂತ್ರಗಳನ್ನೆಲ್ಲ ಒಂದು ದಪ್ಪ ಪುಸ್ತಕದಲ್ಲಿ ಅಚ್ಚು ಹಾಕಿದ್ದಾರೆ. ಯಾವ ಮಂತ್ರ ಎಷ್ಟು ದೂರ ಮುಟ್ಟುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಏನು ಮಾಡುತ್ತದೆ ಎಂಬುದೆಲ್ಲ ಅದರಲ್ಲಿ ಉಂಟು.

ಅಂದು ನನ್ನ ಮೊಮ್ಮಗನೇ ಮಾಸ್ಟರ್. ಕಥೆಯಲ್ಲಿ ದರೋಡೆಕೋರರ ನಾಯಕನೊಬ್ಬ ಗುಹೆಯ ಬಾಯಲ್ಲಿ ನಿಂತು ಇವರನ್ನು ಅಣಕಿಸಿ ನಗುತ್ತಿದ್ದ. ಪುರೋಹಿತನ ಪಾತ್ರ ವಹಿಸಿದ್ದ ಧಾರವಾಡದ ಹುಡುಗ, "ಅವ ಬಾಯಿ ತೆರದಾನೇನು?" ಎಂದು ಕೇಳಿದ. "ಹೌದು, ನಗಲಿಕತ್ತಾನ" ಎಂದ ಮೊಮ್ಮಗ. ಕೂಡಲೇ ಆ ಹುಡುಗ ನೀರು ಸೃಷ್ಟಿಸುವ ಮಂತ್ರ ಹೇಳಿ, ನಾಯಕನ ಪುಪ್ಪುಸದ ತುಂಬ ನೀರು ತುಂಬಿದೆ, ಅವನು ಸತ್ತ ಎಂದು ಘೋಷಿಸಿದ!

ಆ ಮಂತ್ರದ ವಿವರಣೆಯ ಸಾರ ಇಷ್ಟು: ಮೂವತ್ತು ಅಡಿಯೊಳಗಿರುವ ತೆರೆದ ಪಾತ್ರೆಯೊಂದರಲ್ಲಿ ಹತ್ತು ಗ್ಯಾಲನ್‌ವರೆಗೆ, ಅಂದರೆ ಸುಮಾರು 38 ಲೀಟರು, ಶುದ್ಧ ನೀರನ್ನು ಉಂಟುಮಾಡಬಹುದು, ಇಲ್ಲವೇ ಅಷ್ಟು ನೀರನ್ನು ಮಳೆಯಾಗಿ ಸುರಿಸಬಹುದು. ಪುಸ್ತಕದ ಪದ 'ಓಪನ್ ಕಂಟೇನರ್'. ಜಗಳ ಹುಟ್ಟಿದ್ದು ಈ ಎರಡು ಪದಗಳಲ್ಲಿ. ಅರ್ಧ ಗಂಟೆ ಕೂಗಾಡಿದ ಮೇಲೆ ಪುಸ್ತಕ ನನ್ನ ಮುಂದೆ ಬಂತು.

"ಮುತ್ಯಾ, ನೀ ಕನ್ನಡ ಮಾಸ್ತರ ಇದ್ದಿ. ನೀನ ಹೇಳು. ಬಾಯಿ ಅಂದ್ರ ಪಾತ್ರೆ ಆಗತೈತೇನು?"

ಧಾರವಾಡದ ಹುಡುಗ ತನ್ನ ವಾದವನ್ನು ಅಚ್ಚುಕಟ್ಟಾಗಿ ಮಂಡಿಸಿದ. "ಅಜ್ಜಾರ, ತೆರೆದ ಪಾತ್ರೆ ಅಂತ ಬರದಾರ. ಎಂಥಾ ಪಾತ್ರೆ ಅಂತ ಬರದಿಲ್ಲ. ಬಾಯಿ ತೆರದೈತಿ, ಒಳಗ ನೀರು ನಿಲ್ಲತೈತಿ. ಜೀವ ಇದ್ದದ್ದು ಪಾತ್ರೆ ಆಗಂಗಿಲ್ಲ ಅಂತ ಎಲ್ಲೆರ ಬರದಾರೇನ್ರಿ?"

ನಾನು ಪುಸ್ತಕವನ್ನು ಎರಡು ಸಲ ಓದಿ, ಮನುಷ್ಯನ ದೇಹ ಪಾತ್ರೆಯಲ್ಲ, ಮಂತ್ರ ಫಲಿಸಲಿಲ್ಲ ಎಂದೆ. ಆದರೆ ಆ ಪದದ ಅರ್ಥ ಮೊದಲೇ ನಿಶ್ಚಯವಾಗಿರಲಿಲ್ಲವಾದ್ದರಿಂದ ಹುಡುಗನ ಮಂತ್ರ ಖರ್ಚಾಯಿತೆಂದು ಎಣಿಸಬಾರದು, ಅವನಿಗೆ ಸರದಿ ಮರಳಿ ಸಿಗಬೇಕು ಎಂದೂ ಸೇರಿಸಿದೆ. ಮೊಮ್ಮಗನಿಗೂ ಅವನ ಗೆಳೆಯನಿಗೂ ಇದು ಪೂರ್ತಿ ಹಿಡಿಸಲಿಲ್ಲ. ಆದರೂ ಆಟ ಮುಂದುವರಿಯಿತು.

ಮರುದಿನ ಈ ಸಂಗತಿಯನ್ನು ನಗುನಗುತ್ತ ಸೋದರಳಿಯನಿಗೆ ಹೇಳಿದೆ. ಅವನು ನಗಲಿಲ್ಲ. "ಮಾಮಾ, ನೀವು ತಪ್ಪು ತೀರ್ಪು ಕೊಟ್ರಿ. ಬರದದ್ದಷ್ಟ ಓದಬೇಕು. ಬರೀಲಾರದ್ದನ್ನ ಓದಿದ್ರ ಅದು ನಿಯಮ ಅಲ್ಲ, ಪುರಾಣ" ಎಂದ. ಬರೆದದ್ದಷ್ಟೇ ನಿಯಮ, ನಿಷೇಧ ಬರೆದಿಲ್ಲದಲ್ಲಿ ಎಲ್ಲಕ್ಕೂ ಅಪ್ಪಣೆಯಿದೆ ಎಂಬುದು ಅವನ ಪಕ್ಷ. ಇದು ಅವನೊಬ್ಬನ ಪಕ್ಷವಲ್ಲ. ಕಚೇರಿಗಳಲ್ಲಿ, ಶಾಲೆಗಳಲ್ಲಿ, ಮನೆಗಳಲ್ಲಿ ಈ ಪಕ್ಷದವರೇ ಹೆಚ್ಚು. ಈ ಪಕ್ಷ ತಪ್ಪೆಂದು ವಾದಿಸುವುದೇ ನನ್ನ ಉದ್ದೇಶ.

ಮೊದಲನೆಯ ಮಾತು. 'ಬರೆದದ್ದಷ್ಟೇ' ಎನ್ನುವವರು ಬರೆದದ್ದನ್ನು ಪೂರ್ತಿ ಓದುವುದಿಲ್ಲ. ಎರಡು ಪದಗಳನ್ನು ಕಿತ್ತು ಅಂಗೈಯಲ್ಲಿ ಹಿಡಿದುಕೊಳ್ಳುತ್ತಾರೆ, ಉಳಿದ ಪುಟವನ್ನು ಮುಚ್ಚಿಬಿಡುತ್ತಾರೆ.

ಪದದಿಂದಲೇ ಆರಂಭಿಸೋಣ. ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾನು ಯೋಗಾರ್ಥ ಮತ್ತು ರೂಢ್ಯರ್ಥಗಳ ಭೇದವನ್ನು 'ಪಂಕಜ' ಎಂಬ ಪದದಿಂದ ಕಲಿಸುತ್ತಿದ್ದೆ. ಪಂಕ ಎಂದರೆ ಕೆಸರು. ಕೆಸರಿನಲ್ಲಿ ಹುಟ್ಟಿದ್ದು ಪಂಕಜ. ಕಪ್ಪೆಯೂ ಕೆಸರಿನಲ್ಲಿ ಹುಟ್ಟುತ್ತದೆ. ಹಾಗೆಂದು "ದೇವರಿಗೆ ಪಂಕಜ ತಾ" ಎಂದರೆ ಯಾರೂ ಕಪ್ಪೆ ತರುವುದಿಲ್ಲ. ಪದವನ್ನು ಬಿಡಿಸಿದಾಗ ಬರುವ ಅರ್ಥ ಒಂದು, ಜನ ಆ ಪದದಿಂದ ತಿಳಿಯುವ ಅರ್ಥ ಇನ್ನೊಂದು. ಒಳಗೆ ಏನಾದರೂ ನಿಲ್ಲುವುದೆಲ್ಲ ಪಾತ್ರೆ ಎನ್ನುವುದು ಕಪ್ಪೆಯನ್ನು ಪಂಕಜವೆಂದ ಹಾಗೆ. ಕೊಡ, ಬಿಂದಿಗೆ, ಬಾನಿ, ದೋಣಿ, ಹೂಜಿ ಇವು ಪಾತ್ರೆಗಳು. ನಗುವ ಮನುಷ್ಯನನ್ನು ತೋರಿಸಿ "ಆ ಪಾತ್ರೆ ನೋಡು" ಎಂದವನನ್ನು ಹೂವಿನ ಹಿಪ್ಪರಗಿಯಲ್ಲಾಗಲಿ ಅಮೆರಿಕದಲ್ಲಾಗಲಿ ನಾನು ಕಂಡಿಲ್ಲ.

ಎರಡನೆಯದು, ಆ ವಿವರಣೆಯ ಮೌನ. ಈ ಆಟದಲ್ಲಿ ವೈರಿಯ ದೇಹಕ್ಕೆ ನೋವು ಮಾಡುವ ಮಂತ್ರವಿದ್ದರೆ, ಎಷ್ಟು ದಾಳ ಉರುಳಿಸಿ ಎಷ್ಟು ಪೆಟ್ಟು ಎಣಿಸಬೇಕೆಂದು ಬರೆದಿರುತ್ತಾರೆ. ಮಂತ್ರ ಹೇಳುವವನು ಗುರಿ ಮುಟ್ಟಲು ದಾಳ ಉರುಳಿಸಬೇಕು, ಇಲ್ಲವೇ ವೈರಿಗೆ ದಾಳ ಉರುಳಿಸಿ ತಪ್ಪಿಸಿಕೊಳ್ಳುವ ಅವಕಾಶವಿರಬೇಕು. ಬಹುಮಟ್ಟಿಗೆ ಇದೇ ಪದ್ಧತಿ. ನೀರಿನ ಮಂತ್ರದಲ್ಲಿ ಪೆಟ್ಟಿನ ಲೆಕ್ಕವೂ ಇಲ್ಲ, ಗುರಿಯ ದಾಳವೂ ಇಲ್ಲ, ತಪ್ಪಿಸಿಕೊಳ್ಳುವ ಅವಕಾಶವೂ ಇಲ್ಲ. ನನ್ನ ಸೋದರಳಿಯ ಇದನ್ನು "ಹಾಗಾದರೆ ತಪ್ಪಿಸಿಕೊಳ್ಳಲು ಬರುವುದಿಲ್ಲ" ಎಂದು ಓದುತ್ತಾನೆ. ನಾನು "ತಪ್ಪಿಸಿಕೊಳ್ಳಬೇಕಾದದ್ದು ಇದರಲ್ಲಿ ಏನೂ ಇಲ್ಲ" ಎಂದು ಓದುತ್ತೇನೆ. ಯಾವುದು ಸಹಜವಾದ ಓದು ಎಂಬುದನ್ನು ನೀವೇ ಹೇಳಿ.

ಮೂರನೆಯದು ಮಂತ್ರಗಳ ಏಣಿ. ಇವುಗಳಲ್ಲಿ ಒಂದರಿಂದ ಒಂಬತ್ತರವರೆಗೆ ಮೆಟ್ಟಿಲುಗಳಿವೆ. ನೀರಿನ ಮಂತ್ರ ಮೊದಲನೆಯ ಮೆಟ್ಟಿಲಿನದು, ಆಟಕ್ಕೆ ಕಾಲಿಟ್ಟ ದಿನವೇ ದೊರೆಯುವಂಥದು. ಒಂದೇ ಮಾತಿನಿಂದ ಕೊಲ್ಲುವ ಮಂತ್ರವೂ ಇದೆ. ಅದು ಒಂಬತ್ತನೆಯ ಮೆಟ್ಟಿಲಿನದು. ಅದಕ್ಕೂ ಮಿತಿಯುಂಟು: ಪ್ರಾಣದ ಅಂಕ ನೂರು ಅಥವಾ ಅದಕ್ಕಿಂತ ಕಡಿಮೆ ಇದ್ದವನನ್ನು ಮಾತ್ರ ಅದು ತಕ್ಷಣ ಕೊಲ್ಲಬಲ್ಲದು. ಒಂಬತ್ತನೆಯ ಮೆಟ್ಟಿಲಿನ ಮಂತ್ರಕ್ಕೇ ಮಿತಿ ಹಾಕಿದ ಪುಸ್ತಕ, ಮೊದಲನೆಯ ಮೆಟ್ಟಿಲಿನ ನೀರಿಗೆ ಮಿತಿಯಿಲ್ಲದ ಸಾವನ್ನು ಕೊಟ್ಟಿತೇ? ಕೊಟ್ಟಿದ್ದರೆ ಉಳಿದ ಮೆಟ್ಟಿಲುಗಳನ್ನು ಏರುವ ಕಷ್ಟವೇಕೆ?

ಈ ಮೂರು ಕಾರಣಗಳಲ್ಲಿ ಒಂದನ್ನೂ ನಾನು ನನ್ನ ಜೇಬಿನಿಂದ ತೆಗೆಯಲಿಲ್ಲ. ಎಲ್ಲವೂ ಆ ಪುಸ್ತಕದಲ್ಲೇ ಇವೆ. ಬರೀಲಾರದ್ದನ್ನು ಓದಿದೆನೆಂಬ ಆಪಾದನೆ ನಿಲ್ಲುವುದಿಲ್ಲ.

ಇಂತಹ ತಕರಾರು ನಮ್ಮ ನಾಡಿಗೆ ಹೊಸದೂ ಅಲ್ಲ. ಮಂತ್ರ, ವಿಧಿ, ಫಲ, ಇವುಗಳ ವಾಕ್ಯಗಳಲ್ಲಿ ಸಂಶಯ ಬಂದರೆ ಹೇಗೆ ಓದಬೇಕೆಂಬುದಕ್ಕಾಗಿಯೇ ಮೀಮಾಂಸೆ ಎಂಬ ಶಾಸ್ತ್ರ ಬೆಳೆಯಿತು. ಜೈಮಿನಿಯ ಸೂತ್ರಗಳು, ಅವುಗಳ ಮೇಲೆ ಶಬರನ ಭಾಷ್ಯ, ಎಲ್ಲವೂ ಈ ಕೆಲಸಕ್ಕೇ ಮೀಸಲು. ಅಲ್ಲಿಂದ ಎರಡು ದೃಷ್ಟಾಂತಗಳನ್ನು ಕೊಡುತ್ತೇನೆ.

ಯಜ್ಞದಲ್ಲಿ ಜಿಡ್ಡು ಸವರಿದ ಹರಳುಗಳನ್ನು ಇಡಬೇಕೆಂದು ಒಂದು ವಿಧಿ. ಯಾವ ಜಿಡ್ಡು? ಎಣ್ಣೆಯೇ, ತುಪ್ಪವೇ, ಕೊಬ್ಬೇ? ವಿಧಿ ಹೇಳುವುದಿಲ್ಲ. 'ಬರೆದದ್ದಷ್ಟೇ' ಎನ್ನುವವನು, ಯಾವುದನ್ನಾದರೂ ಸವರು, ನಿಷೇಧವಿಲ್ಲ ಎನ್ನುತ್ತಿದ್ದ. ಮೀಮಾಂಸಕರು ಹಾಗೆನ್ನಲಿಲ್ಲ. ಅದರ ಬೆನ್ನಿಗೇ ಬರುವ ವಾಕ್ಯ ತುಪ್ಪವನ್ನು ಹೊಗಳುತ್ತದೆ, ಆದ್ದರಿಂದ ಇಲ್ಲಿ ತುಪ್ಪವೇ ಅಭಿಪ್ರೇತ ಎಂದರು. ಸಂದಿಗ್ಧವಾದುದನ್ನು ವಾಕ್ಯದ ಉಳಿದ ಭಾಗದಿಂದ ತಿಳಿಯಬೇಕೆಂಬುದೇ ಇಲ್ಲಿಯ ನ್ಯಾಯ.

ಇನ್ನೊಂದು ಕಪಿಂಜಲ ನ್ಯಾಯ. ಕಪಿಂಜಲವೆಂಬ ಹಕ್ಕಿಗಳನ್ನು ಬಲಿ ಕೊಡಬೇಕೆಂದು ವಿಧಿ. ಎಷ್ಟು ಹಕ್ಕಿಗಳೆಂಬ ಸಂಖ್ಯೆಯಿಲ್ಲ, ಬಹುವಚನವಷ್ಟೇ ಇದೆ. ಸಂಸ್ಕೃತದಲ್ಲಿ ಎರಡಕ್ಕೆ ದ್ವಿವಚನ ಬೇರೆ ಇರುವುದರಿಂದ ಬಹುವಚನ ಮೂರರಿಂದ ಆರಂಭ. ಹಾಗಾದರೆ ಮೂರೇ, ನೂರೇ? ಮೂರು ಎಂದರು. ಮೂರರಿಂದಲೇ ವಿಧಿ ಪೂರ್ಣವಾಗುತ್ತದೆ. ನಾಲ್ಕನೆಯ ಹಕ್ಕಿಯನ್ನು ಕೊಲ್ಲಲು ಆ ವಾಕ್ಯದಲ್ಲಿ ಕಾರಣವಿಲ್ಲ. ಒಂದು ಮಾತಿಗೆ ಹಲವು ಅರ್ಥ ಸಾಧ್ಯವಿದ್ದು, ಹೆಚ್ಚಿನ ಅರ್ಥದಿಂದ ಇನ್ನೊಂದು ಜೀವಕ್ಕೆ ಹಾನಿಯಾಗುವಂತಿದ್ದರೆ, ಮಾತು ಪೂರ್ಣವಾಗುವಷ್ಟು ಅರ್ಥವನ್ನೇ ಹಿಡಿಯಬೇಕು ಎಂದು ನಾನು ಇದನ್ನು ತಿಳಿದಿದ್ದೇನೆ. ನೀರಿನ ಮಂತ್ರ ಕೊಡ ತುಂಬಿದರೆ ಪೂರ್ಣವಾಗುತ್ತದೆ. ಪುಪ್ಪುಸ ತುಂಬುವುದು ನಾಲ್ಕನೆಯ ಹಕ್ಕಿ.

ಇಲ್ಲಿ ಒಂದು ಸಂಶಯವನ್ನು ದೂರ ಮಾಡಬೇಕು. ಅಕ್ಷರಕ್ಕೆ ಬೆಲೆಯಿಲ್ಲವೆಂದು ನಾನು ಹೇಳುತ್ತಿಲ್ಲ. ಅಕ್ಷರ ಕಲಿಸಿಯೇ ಅನ್ನ ಉಂಡವನು ನಾನು. ತ್ವಷ್ಟೃವಿನ ಕಥೆ ನಿಮಗೆ ತಿಳಿದಿರಬಹುದು. ಮಗನನ್ನು ಇಂದ್ರ ಕೊಂದನೆಂಬ ಕೋಪದಿಂದ, ಇಂದ್ರನನ್ನು ಕೊಲ್ಲುವವನೊಬ್ಬ ಹುಟ್ಟಲೆಂದು ಅವನು ಹೋಮ ಮಾಡಿದ. 'ಇಂದ್ರಶತ್ರು' ಎಂಬ ಸಮಾಸವನ್ನು ಪ್ರಯೋಗಿಸಿದ. ಕೊನೆಯ ಅಕ್ಷರ ಉದಾತ್ತವಾದರೆ ತತ್ಪುರುಷ: ಇಂದ್ರನನ್ನು ಕೊಲ್ಲುವವನು. ಮೊದಲ ಅಕ್ಷರ ಉದಾತ್ತವಾದರೆ ಬಹುವ್ರೀಹಿ: ಇಂದ್ರನೇ ಯಾರನ್ನು ಕೊಲ್ಲುವನೋ ಅವನು. ಸ್ವರ ತಪ್ಪಿತು. ಹುಟ್ಟಿದ ವೃತ್ರ ಇಂದ್ರನ ಕೈಯಲ್ಲೇ ಸತ್ತ. ವ್ಯಾಕರಣವನ್ನು ಏಕೆ ಓದಬೇಕೆಂದು ಹೇಳುವಾಗ ಪತಂಜಲಿ ತನ್ನ ಮಹಾಭಾಷ್ಯದ ಆರಂಭದಲ್ಲೇ ಈ ಪ್ರಸಂಗವನ್ನು ನೆನೆಯುತ್ತಾನೆ. ನಿಯಮ ಬರೆಯುವವನು, ಮಂತ್ರ ಹೇಳುವವನು, ಪ್ರತಿ ಅಕ್ಷರಕ್ಕೂ ಹೊಣೆಗಾರ. ಆ ಹೊಣೆಯನ್ನು ನಾನು ಕಡಿಮೆ ಮಾಡುವುದಿಲ್ಲ. ಆದರೆ ತ್ವಷ್ಟೃವಿನ ಪದದಲ್ಲಿ ಸ್ವರ ಸ್ಪಷ್ಟವಾಗಿತ್ತು, ಸಂಶಯವಿರಲಿಲ್ಲ. ನಾವು ಮಾತನಾಡುತ್ತಿರುವುದು ಸಂಶಯವಿರುವಲ್ಲಿ.

"ಹಾಗಾದ್ರ ಹಿರಣ್ಯಕಶಿಪು?" ಎಂದು ಸೋದರಳಿಯ ಪುರಾಣವನ್ನೇ ನನ್ನ ಮೇಲೆ ತಿರುಗಿಸಿದ. ಮನುಷ್ಯನೂ ಅಲ್ಲ ಮೃಗವೂ ಅಲ್ಲದವನು, ಹಗಲೂ ಅಲ್ಲ ಇರುಳೂ ಅಲ್ಲದ ಹೊತ್ತಿನಲ್ಲಿ, ಒಳಗೂ ಅಲ್ಲ ಹೊರಗೂ ಅಲ್ಲದ ಹೊಸ್ತಿಲಲ್ಲಿ ಅವನನ್ನು ಕೊಂದ. ಅಕ್ಷರದ ಸಂದಿ ಹುಡುಕಿದ್ದು ದೇವರೇ ಅಲ್ಲವೇ ಎಂದು ಅವನ ವಾದ. ಒಪ್ಪುತ್ತೇನೆ. ಆದರೆ ಅಕ್ಷರದ ಆಟವನ್ನು ಮೊದಲು ಆಡಿದವನು ಯಾರು? ಸಾವಿಲ್ಲದ ವರ ಸಿಗದೆಂದು ಗೊತ್ತಾದ ಮೇಲೆ, ಮಾತುಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಅಮರತ್ವವನ್ನು ಕದಿಯಲು ನೋಡಿದವನು ಆ ರಾಕ್ಷಸನೇ. ನಗುವ ಬಾಯಿಯನ್ನು ಪಾತ್ರೆ ಎಂದ ಹುಡುಗ ನರಸಿಂಹನ ಸ್ಥಾನದಲ್ಲಿಲ್ಲ, ಹಿರಣ್ಯಕಶಿಪುವಿನ ಸ್ಥಾನದಲ್ಲಿದ್ದಾನೆ.

ಭಸ್ಮಾಸುರನ ಕಥೆ ನನಗೆ ಇನ್ನೂ ಹೆಚ್ಚು ಕಲಿಸಿದೆ. ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗಲಿ ಎಂದು ವರ. ಕೊಟ್ಟ ಶಿವನ ತಲೆಯೂ 'ಯಾರ' ಎಂಬುದರಲ್ಲಿ ಬಂತು. ಕೇಳಿದವನ ತಲೆಯೂ ಬಂತು. ಶಿವನನ್ನು ನೋಡಿ. ನನ್ನ ತಲೆಯನ್ನು ಬಿಟ್ಟು ಎಂಬುದೇ ನನ್ನ ಅಭಿಪ್ರಾಯವಾಗಿತ್ತು ಎಂದು ಅವನು ವರವನ್ನು ಆಮೇಲೆ ತಿದ್ದಲಿಲ್ಲ. ಕೊಟ್ಟ ಮಾತಿಗೆ ತಲೆಬಾಗಿ ಓಡಿದ! ನಿಯಮ ಕೊಟ್ಟವನಿಗೆ ತನ್ನ ಮಾತಿನ ತೊಂದರೆಯನ್ನು ತಾನೇ ಅನುಭವಿಸುವ ಧರ್ಮವಿದೆ. ಫಲ ಕಂಡ ಮೇಲೆ ಅರ್ಥ ಬದಲಿಸುವಂತಿಲ್ಲ.

ಈ ಕಾರಣಕ್ಕಾಗಿಯೇ ನಾನು ಎದುರಿನ ಪಕ್ಷವನ್ನೂ ಒಪ್ಪುವುದಿಲ್ಲ. ನನ್ನ ಮೊಮ್ಮಗನ ಪಕ್ಷ ಅದು: "ನಾನ ಮಾಸ್ಟರ್, ನಾ ಹೇಳಿದ್ದ ಕೊನೀ ಮಾತು." ಪುಸ್ತಕವೂ ಅವನಿಗೆ ತೀರ್ಪಿನ ಅಧಿಕಾರ ಕೊಟ್ಟಿದೆ ಎಂಬುದು ನಿಜ. ಆದರೆ ತೀರ್ಪಿನ ಅಧಿಕಾರ ಬೇರೆ, ಮನಬಂದಂತೆ ನಡೆಯುವ ಅಧಿಕಾರ ಬೇರೆ. "ಈ ಸಲ ನೀ ಸೋಲಬೇಕಾಗಿತ್ತು, ಅದಕ್ಕ ಮಂತ್ರ ನಡೆಯಂಗಿಲ್ಲ" ಎಂದರೆ ಅದು ತೀರ್ಪಲ್ಲ. ಅದಕ್ಕಾಗಿಯೇ ನಾನು ಇಬ್ಬರಿಗೂ ಒಂದೊಂದು ಪ್ರಶ್ನೆ ಹಾಕಿದೆ. ಧಾರವಾಡದ ಹುಡುಗನಿಗೆ: "ನಾಳೆ ವೈರಿಯ ಪುರೋಹಿತ ಇದೇ ಮಂತ್ರದಿಂದ ನಿನ್ನ ಬಾಯಿ ತುಂಬಿದರ ಒಪ್ಪತೀಯೇನಪಾ?" ಅವನು ತಲೆ ಕೆರೆದುಕೊಂಡ. ಮೊಮ್ಮಗನಿಗೆ: "ಬಾಯಿ ಪಾತ್ರೆ ಅಲ್ಲ ಅಂದಿ. ನಾಳೆ ನಿನ್ನ ರಾಕ್ಷಸ ಇದ ಮಂತ್ರ ಹೇಳಿದಾಗ ಈ ಮಾತು ಮರೀಬಾರದು, ಒಪ್ಪಿಗೆ ಐತೇನು?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಐತಿ" ಎಂದ. ಒಂದು ಅರ್ಥ ನಮಗೆ ಲಾಭವಾದಾಗಲೂ ನಷ್ಟವಾದಾಗಲೂ ಅದೇ ಆಗಿ ಉಳಿದರೆ ಮಾತ್ರ ಅದು ಅರ್ಥ.

ಮೂರನೆಯ ಪಕ್ಷವೂ ಒಂದಿದೆ, ಎಲ್ಲಕ್ಕಿಂತ ಅಪಾಯದ್ದು. ಸಂಶಯ ಬಂದಾಗ ಬಾಯಿ ಮುಚ್ಚಿ ಕುಳಿತುಕೊಳ್ಳುವವರ ಪಕ್ಷ. ನಮ್ಮ ಸಾಹಿತ್ಯದಲ್ಲಿ ಆಟದ ನಿಯಮದ ಬಗ್ಗೆ ಎದ್ದ ಅತ್ಯಂತ ದೊಡ್ಡ ಪ್ರಶ್ನೆ ದ್ರೌಪದಿಯದು. ತನ್ನನ್ನೇ ಸೋತ ಮೇಲೆ ಧರ್ಮರಾಯನಿಗೆ ನನ್ನನ್ನು ಪಣವಾಗಿ ಒಡ್ಡುವ ಹಕ್ಕಿತ್ತೇ ಎಂದು ಅವಳು ಸಭೆಯನ್ನು ಕೇಳಿದಳು. ಅದು ಅಳುವಿನ ಮಾತಲ್ಲ, ನಿಯಮದ ಪ್ರಶ್ನೆ. ಗದುಗಿನ ನಾರಣಪ್ಪನ ಭಾರತವನ್ನು ಓದಿಸಿ ಕೇಳುವ ನಮ್ಮ ಕಡೆಯ ಹಳ್ಳಿಗಳಲ್ಲಿ ಈ ಪ್ರಸಂಗಕ್ಕೆ ಕಣ್ಣೀರು ಹಾಕುವವರುಂಟು. ಆದರೆ ಅವಳ ಪ್ರಶ್ನೆ ಎಷ್ಟು ನೇರವಾದ ತರ್ಕವೆಂದು ಗಮನಿಸುವವರು ಕಡಿಮೆ. ಭೀಷ್ಮ, ಧರ್ಮ ಸೂಕ್ಷ್ಮವೆಂದು ಹೇಳಿ ನಿರ್ಣಯ ಕೊಡದೆ ಹೋದ. ಕೌರವರಲ್ಲಿ ವಿಕರ್ಣನೊಬ್ಬನೇ ಎದ್ದು ಅವಳು ಗೆಲ್ಲಲ್ಪಟ್ಟವಳಲ್ಲ ಎಂದ. ಅವನನ್ನು ಕರ್ಣ ಗದರಿಸಿದ. ತೀರ್ಪು ಕೊಡಬೇಕಾದವರು ಸುಮ್ಮನಿದ್ದರೆ ತೀರ್ಪು ನಿಲ್ಲುವುದಿಲ್ಲ, ತೋಳಿನ ಬಲವಿದ್ದವನ ಪರವಾಗಿ ತಾನಾಗಿಯೇ ಆಗಿಬಿಡುತ್ತದೆ. ಸೀರೆಗೆ ಕೈ ಹಾಕಿದ್ದು ಅದರ ಬಳಿಕ.

"ಆಟ ಆಟ ಅದ ಮಾಮಾ, ಇಷ್ಟ್ಯಾಕ ಹಚ್ಚಿಕೋತೀರಿ?" ಎಂದು ಸೋದರಳಿಯ ಕೊನೆಗೆ ನಕ್ಕ. ಅವನು ವಕೀಲನಾದ್ದರಿಂದ ಅವನ ಅಂಗಳದ ಮಾತನ್ನೇ ನೆನಪಿಸಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ, ನಮ್ಮ ಕಲ್ಯಾಣದಲ್ಲೇ, ವಿಜ್ಞಾನೇಶ್ವರ ಮಿತಾಕ್ಷರವನ್ನು ಬರೆದ. 'ಸಪಿಂಡ' ಎಂಬ ಪದದಲ್ಲಿ ಪಿಂಡ ಎಂದರೆ ದೇಹ, ಒಂದೇ ದೇಹದ ಅಂಶ ಹಂಚಿಕೊಂಡವರು ಸಪಿಂಡರು ಎಂದು ಅವನು ಅರ್ಥ ಮಾಡಿದ. ಬಂಗಾಳದ ಜೀಮೂತವಾಹನ ಪಿಂಡ ಎಂದರೆ ಶ್ರಾದ್ಧದ ಪಿಂಡ ಎಂದ. ಒಂದೇ ಪದ. ಆ ಎರಡು ಓದುಗಳ ಮೇಲೆ ನೂರಾರು ವರ್ಷ ದೇಶದ ಎರಡು ಭಾಗಗಳಲ್ಲಿ ವಾರಸುದಾರರ ಸಾಲು ಬೇರೆಬೇರೆಯಾಯಿತು.

ಅಷ್ಟು ಹಿಂದಕ್ಕೆ ಏಕೆ? ಹಿಂದೂ ವಾರಸಾ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾಗಿ, ಆ ವರ್ಷದ ಸೆಪ್ಟೆಂಬರ್ 9ರಿಂದ ಮಗಳೂ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಸಮಭಾಗಿ ಎಂದಾಯಿತು. ಆ ದಿನಕ್ಕಿಂತ ಮೊದಲೇ ತಂದೆ ತೀರಿದ್ದರೆ? ಕಾಯ್ದೆಯ ಮಾತು ಸಂದಿಗ್ಧವಾಗಿತ್ತು. 2015ರಲ್ಲಿ ಸುಪ್ರೀಂ ಕೋರ್ಟು ಅಂದು ತಂದೆ ಬದುಕಿರಬೇಕೆಂದಿತು. 2018ರಲ್ಲಿ, ತಂದೆ ಮೊದಲೇ ತೀರಿದ್ದರೂ, ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಎರಡೂ ಕರ್ನಾಟಕದಿಂದ ಹೋದ ಮೊಕದ್ದಮೆಗಳು. ಕೊನೆಗೆ 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ, ಹಕ್ಕು ಬಂದದ್ದು ಹುಟ್ಟಿನಿಂದ, ಆದ್ದರಿಂದ ಅಂದು ತಂದೆ ಬದುಕಿರಬೇಕಾಗಿಲ್ಲ ಎಂದು ನಿರ್ಣಯಿಸಿತು. ಕಾಯ್ದೆಯ ಅಕ್ಷರ ಆ ಹದಿನೈದು ವರ್ಷ ಬದಲಾಗಿರಲಿಲ್ಲ, ಓದು ಬದಲಾಯಿತು. ನಡುವೆ ಎಷ್ಟು ಅಕ್ಕ-ತಂಗಿಯರು ಸಹಿ ಹಾಕಿ ಬರಿಗೈಯಲ್ಲಿ ಮನೆಗೆ ಹೋಗಿರಬೇಕು! ಓದುವ ಬುದ್ಧಿಯನ್ನು ಹುಡುಗರು ಆಟದಲ್ಲಿ ಕಲಿಯದಿದ್ದರೆ ಮತ್ತೆಲ್ಲಿ ಕಲಿಯಬೇಕು?

ಇಷ್ಟೆಲ್ಲ ಹೇಳುವ ಅಧಿಕಾರ ನನಗೆ ಎಲ್ಲಿಂದ ಬಂತೆಂದು ಕೇಳಿದರೆ, ಒಂದು ತಪ್ಪಿನಿಂದ ಬಂತು ಎನ್ನಬೇಕು. ಅದನ್ನು ಇದುವರೆಗೆ ಎಲ್ಲಿಯೂ ಬರೆದಿಲ್ಲ.

1989ರ ಮಾತು. ಬಿ.ಎಡ್. ಮುಗಿಸಿ ನೌಕರಿಗೆ ಸೇರಿ ಇನ್ನೂ ಎರಡು ವರ್ಷವಾಗಿರಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮೇಲ್ವಿಚಾರಣೆಗೆ ನನ್ನನ್ನು ಬೇರೊಂದು ಊರಿನ ಕೇಂದ್ರಕ್ಕೆ ಹಾಕಿದ್ದರು. ಆ ಊರು ಯಾವುದೆಂಬುದು ಇಲ್ಲಿ ಬೇಡ. ಅಲ್ಲಿ ನಮಗೆ ಓದಿ ಹೇಳಿದ ಸೂಚನೆಯಲ್ಲಿ, ಪರೀಕ್ಷೆ ಆರಂಭವಾಗಿ ಅರ್ಧ ಗಂಟೆಯಾದ ಮೇಲೆ ಬಂದವರನ್ನು ಒಳಗೆ ಬಿಡಬಾರದೆಂದಿತ್ತು. ಅಂದು ಎರಡು ಗಂಟೆ ಹೊಡೆಯುತ್ತಿದ್ದರು. ಮೊದಲ ಗಂಟೆಗೆ ಉತ್ತರ ಪತ್ರಿಕೆ ಹಂಚಿ ನಂಬರು ಬರೆಸುವುದು. ಹತ್ತು ನಿಮಿಷ ಬಿಟ್ಟು ಎರಡನೆಯ ಗಂಟೆಗೆ ಪ್ರಶ್ನೆಪತ್ರಿಕೆ ಕೊಡುವುದು. ಗಣಿತದ ಪರೀಕ್ಷೆಯ ದಿನ ಒಬ್ಬ ಹುಡುಗಿ ಓಡುತ್ತ ಬಂದಳು. ಬಸ್ಸು ದಾರಿಯಲ್ಲಿ ಕೆಟ್ಟಿತ್ತು. ಉಳಿದ ದಾರಿಯನ್ನು ಅವಳು ನಡೆದೇ ಬಂದಿದ್ದಳು. ಕಾಲೆಲ್ಲ ಧೂಳು. ಮೊದಲ ಗಂಟೆಯಿಂದ ಮೂವತ್ತೈದು ನಿಮಿಷವಾಗಿತ್ತು, ಎರಡನೆಯದರಿಂದ ಇಪ್ಪತ್ತೈದು.

ಕೇಂದ್ರದ ಹಿರಿಯರು ನನ್ನ ಕಡೆ ತಿರುಗಿ, "ನೀವು ಕನ್ನಡ ಮಾಸ್ತರು ಇದ್ದೀರಿ. ಆರಂಭ ಅಂದ್ರ ಯಾವ ಗಂಟಿ?" ಎಂದು ಕೇಳಿದರು. ಆಗ ನನಗೆ ಇಪ್ಪತ್ತೇಳು ವರ್ಷ. ಹಿರಿಯರು ನನ್ನನ್ನು ಕೇಳಿದರೆಂಬ ಹಮ್ಮು. ಅವರ ಮುಂದೆ ಸಡಿಲ ಮನುಷ್ಯ ಎನಿಸಿಕೊಳ್ಳಬಾರದೆಂಬ ಅಂಜಿಕೆ ಬೇರೆ. ಉತ್ತರ ಪತ್ರಿಕೆ ಕೈಗೆ ಬಂದಾಗಲೇ ಆರಂಭ, ಸೂಚನೆಯಲ್ಲಿ ಬೇರೆ ಏನೂ ಬರೆದಿಲ್ಲ ಎಂದೆ. ಹುಡುಗಿಯನ್ನು ಹೊರಗೆ ಕಳಿಸಿದರು. ಅವಳು ಜಗಳವಾಡಲಿಲ್ಲ. ಸ್ವಲ್ಪ ಹೊತ್ತು ಕಂಪೌಂಡಿನ ಬೇವಿನ ಗಿಡದ ಕೆಳಗೆ ಕುಳಿತಿದ್ದಳು. ಆಮೇಲೆ ನೋಡಿದಾಗ ಇರಲಿಲ್ಲ.

ಆ ಅರ್ಧ ಗಂಟೆಯ ಮಾತು ಏಕಿತ್ತು ಎಂದು ನಾನು ಯೋಚಿಸಿದ್ದು ಸಂಜೆ ಬಸ್ಸಿನಲ್ಲಿ ಕುಳಿತ ಮೇಲೆ. ಅರ್ಧ ಗಂಟೆಯವರೆಗೆ ಒಳಗಿದ್ದವರನ್ನೂ ಹೊರಗೆ ಬಿಡುವಂತಿರಲಿಲ್ಲ. ಪ್ರಶ್ನೆ ತಿಳಿದವನೊಬ್ಬ ಹೊರಗೆ ಹೋಗಿ, ತಡವಾಗಿ ಬಂದವನಿಗೆ ಹೇಳಿ ಒಳಗೆ ಕಳಿಸಬಾರದು. ಅದಕ್ಕಾಗಿ ಆ ನಿಯಮ. ಪ್ರಶ್ನೆ ತಿಳಿಯುವುದು ಪ್ರಶ್ನೆಪತ್ರಿಕೆ ಕೈಗೆ ಬಂದ ಮೇಲೆ. ಹಾಗಾದರೆ ಎಣಿಕೆ ಎರಡನೆಯ ಗಂಟೆಯಿಂದಲೇ ಆಗಬೇಕಿತ್ತು. ಒಬ್ಬನೂ ಹೊರಗೆ ಹೋಗಿರಲಿಲ್ಲ. ಅವಳಿಗೆ ಇನ್ನೂ ಐದು ನಿಮಿಷವಿತ್ತು.

ಅವಳು ಮುಂದಿನ ವರ್ಷ ಪರೀಕ್ಷೆಗೆ ಕೂಡಲಿಲ್ಲ, ಮದುವೆಯಾಗಿ ಹೋದಳು ಎಂದು ಅವಳ ಊರಿನ ಒಬ್ಬ ಮಾಸ್ತರರಿಂದ ತಿಳಿಯಿತು. ನನ್ನ ಒಂದು ಮಾತಿನಿಂದಲೇ ಹಾಗಾಯಿತೆಂದು ಹೇಳಲಾರೆ. ಆ ಮಾತಿನ ಪಾಲು ಇಲ್ಲವೆಂದೂ ಹೇಳಲಾರೆ. ಸೋದರಳಿಯಾ, ಅಂದು ನಾನು ನೀನು ಹೇಳುವಂತೆಯೇ ಓದಿದ್ದೆ. ಬರೆದದ್ದಷ್ಟನ್ನೇ.

ಉದ್ದೇಶದ ಹೆಸರಿನಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದಲ್ಲ ಎಂಬ ಆಕ್ಷೇಪ ಉಳಿಯುತ್ತದೆ. ಅದು ನ್ಯಾಯವಾದ ಆಕ್ಷೇಪ. ಆದ್ದರಿಂದ ಉದ್ದೇಶವನ್ನು ನಮ್ಮ ಆಸೆಯಿಂದ ತರಬಾರದು, ನಿಯಮದ ಹಿಂದುಮುಂದಿನ ಮಾತುಗಳಿಂದಲೇ ತೆಗೆದು ತೋರಿಸಬೇಕು. ತೋರಿಸಲಾಗದವನು ಸುಮ್ಮನೆ ಅಕ್ಷರಕ್ಕೆ ಶರಣಾಗಲಿ. ಮಾತು ಸ್ಪಷ್ಟವಿದ್ದಲ್ಲಿ ಅದು ನಮಗೆ ಹಿಡಿಸದಿದ್ದರೂ ಪಾಲಿಸಬೇಕು. ಸಂಶಯವಿದ್ದಲ್ಲಿ ಮೊದಲು ಇಡೀ ಪುಟ ಓದಬೇಕು, ಆ ಮಾತು ಏಕೆ ಹುಟ್ಟಿತೆಂದು ಕೇಳಬೇಕು, ಇನ್ನೊಬ್ಬನಿಗೆ ಕಡಿಮೆ ಹಾನಿಯಾಗುವ ಅರ್ಥವನ್ನು ಹಿಡಿಯಬೇಕು. ಸಾಧ್ಯವಾದರೆ ದಾಳ ಉರುಳುವ ಮೊದಲೇ ನಿಶ್ಚಯಿಸಿಕೊಳ್ಳಬೇಕು, ಒಮ್ಮೆ ನಿಶ್ಚಯಿಸಿದ್ದನ್ನು ನಮ್ಮ ವಿರುದ್ಧ ಬಂದಾಗಲೂ ಬಿಡಬಾರದು.

ಹುಡುಗರು ಹೊರಡುವ ದಿನ ಮೊಮ್ಮಗ ಒಂದು ನೋಟುಬುಕ್ಕು ತೋರಿಸಿದ. ಮೊದಲ ಪುಟದಲ್ಲಿ ದಿನಾಂಕ ಹಾಕಿ, ಜೀವವಿರುವ ದೇಹ ಪಾತ್ರೆಯಲ್ಲ, ಇದು ನಮಗೂ ವೈರಿಗೂ ಅನ್ವಯ ಎಂದು ಬರೆದು, ನಾಲ್ವರೂ ಸಹಿ ಮಾಡಿದ್ದರು. ಕೆಳಗೆ ಧಾರವಾಡದ ಹುಡುಗ ಸಣ್ಣ ಅಕ್ಷರದಲ್ಲಿ, ಹೆಣವಾದರೆ ಹೇಗೆ ಎಂದು ಕೇಳಿದ್ದ.

ಅದಕ್ಕೆ ನನ್ನಲ್ಲಿ ಇನ್ನೂ ಉತ್ತರವಿಲ್ಲ. ಓದುಗರಲ್ಲಿ ಯಾರಿಗಾದರೂ ಹೊಳೆದರೆ, ಕಾರಣ ಸಹಿತ ತಿಳಿಸಬೇಕಾಗಿ ವಿನಂತಿ.